ಅನ್ವರ್ಥವಾಗದ ಒಂದು ಹೆಸರು



ಹಳಗನ್ನಡ ಕಾವ್ಯವನ್ನು ಪಾಠ ಹೇಳಿಕೊಂಡು ಬಂದ ಅಧ್ಯಾಪಕನೊಬ್ಬ ಜೀವಕೋಶದೊಳಗಿನ ಒಂದು ಪ್ರೋಟೀನಿನ ವಿಷಯವಾಗಿ ಮಾತನಾಡಲು ಹೊರಟರೆ ನಿಮಗೆ ಸೋಜಿಗವಾದೀತು. ಈ ವಿಷಯದಲ್ಲಿ ನನಗೆ ಅಧಿಕಾರವೇನೂ ಇಲ್ಲ, ಒಂದು ಋಣವಿದೆ. ಆ ಋಣ ಯಾವುದೆಂಬುದನ್ನು ಮೊದಲು ನಿವೇದಿಸಿಕೊಂಡು ಅನಂತರ ವಿಷಯಕ್ಕೆ ಬರುತ್ತೇನೆ.

ನಾನು ಇನ್ನೂ ಕೆಲಸದಲ್ಲಿದ್ದಾಗ ಆರೋಗ್ಯವನ್ನು ಕುರಿತ ಇಂಗ್ಲಿಷ್ ಕಿರುಹೊತ್ತಗೆಯೊಂದನ್ನು ಕನ್ನಡಕ್ಕೆ ತಂದುಕೊಟ್ಟಿದ್ದೆ. ಅದರಲ್ಲಿ 'ಪ್ರೊಹಿಬಿಟಿನ್' ಎಂಬ ಶಬ್ದ ಒಂದೇ ಒಂದು ಕಡೆ ಬಂದಿತ್ತು. ಶಬ್ದ ಕಂಡರೆ ಸುಮ್ಮನಿರಲಾರದ ಚಪಲ ನಮ್ಮಂಥವರದು. 'ಪ್ರೊಹಿಬಿಷನ್' ಎಂದರೆ ಪಾನನಿಷೇಧ ಎಂಬುದು ಎಲ್ಲರೂ ಬಲ್ಲ ಮಾತು. ಆದಕಾರಣ ಪ್ರೊಹಿಬಿಟಿನ್ ಎಂಬುದನ್ನು 'ವೃದ್ಧಿನಿಷೇಧಕ' ಎಂದು ಕನ್ನಡಿಸಿದೆ. ಅಷ್ಟಕ್ಕೇ ನಿಲ್ಲಿಸಿದ್ದರೆ ಬದುಕುತ್ತಿದ್ದೆ. ಓದುಗರಿಗೆ ತಿಳಿಯಲೆಂದು 'ಎಂದರೆ, ಕ್ಯಾನ್ಸರನ್ನು ತಡೆಯತಕ್ಕ ವಸ್ತು' ಎಂಬ ವಿವರಣೆಯನ್ನು ನನ್ನ ಕಡೆಯಿಂದ ಸೇರಿಸಿದೆ. ಅಚ್ಚಾದ ಮೇಲೆ ಅದನ್ನು ಮರೆತೂಬಿಟ್ಟೆ.

ಕೆಲವು ವರ್ಷಗಳು ಕಳೆದವು. ಒಂದು ಸಂಜೆ ನಮ್ಮ ಬೀದಿಯ ಹಿರಿಯರೊಬ್ಬರು ಆ ಹೊತ್ತಗೆಯನ್ನು ಕೈಯಲ್ಲಿ ಹಿಡಿದು ಮನೆಗೆ ಬಂದರು. ಅವರ ಪತ್ನಿಗೆ ಸ್ತನದ ಕ್ಯಾನ್ಸರ್ ಆಗಿ, ಶಸ್ತ್ರಚಿಕಿತ್ಸೆ ಮುಗಿದು, ಔಷಧಿಯನ್ನು ರಕ್ತನಾಳಕ್ಕೆ ಏರಿಸುವ ಕಠಿಣವಾದ ಚಿಕಿತ್ಸೆ ನಡೆಯುತ್ತಿತ್ತು. ತಲೆಗೂದಲು ಉದುರಿತ್ತು, ಅನ್ನ ಕಂಡರೆ ಆಕೆಗೆ ವಾಕರಿಕೆ. ಹಿರಿಯರು ಪುಟ ತೆರೆದು ನನ್ನ ಸಾಲಿನ ಮೇಲೆ ಬೆರಳಿಟ್ಟು, "ಮೇಷ್ಟ್ರೆ, ಈ ವಸ್ತು ಎಲ್ಲಿ ಸಿಗುತ್ತದೆ? ಇದು ಸಿಗುವುದಾದರೆ ಆ ಔಷಧಿ ನಿಲ್ಲಿಸಿಬಿಡಬಹುದಲ್ಲವೆ? ಅವಳ ಕಷ್ಟ ನೋಡಲಾರೆ" ಎಂದು ಕೇಳಿದರು.

ನನ್ನಲ್ಲಿ ಉತ್ತರವಿರಲಿಲ್ಲ. "ಚಿಕಿತ್ಸೆಯನ್ನು ಮಾತ್ರ ಯಾವ ಕಾರಣಕ್ಕೂ ನಿಲ್ಲಿಸಬೇಡಿ, ಇದನ್ನು ತಿಳಿದುಕೊಂಡು ಹೇಳುತ್ತೇನೆ" ಎಂದು ಅವರನ್ನು ಕಳುಹಿಸಿಕೊಟ್ಟೆ. ಅಂದಿನಿಂದ ಈ ಪ್ರೋಟೀನಿನ ಬೆನ್ನುಹತ್ತಿದೆ. ಬಲ್ಲವರನ್ನು ಕೇಳಿ, ಅವರು ಕೊಟ್ಟದ್ದನ್ನು ಓದಿ, ತಿಳಿಯದ್ದನ್ನು ಮತ್ತೆ ಕೇಳಿ ನಾನು ಕಲಿತದ್ದನ್ನು ಇಂದು ನಿಮ್ಮ ಮುಂದಿಡುತ್ತಿದ್ದೇನೆ.

ನಮ್ಮ ವ್ಯಾಕರಣದಲ್ಲಿ ವಸ್ತುವಾಚಕಗಳನ್ನು ರೂಢನಾಮ, ಅಂಕಿತನಾಮ, ಅನ್ವರ್ಥನಾಮ ಎಂದು ಮೂರಾಗಿ ವಿಂಗಡಿಸುವುದುಂಟು. ಮರ, ನದಿ, ಊರು ಎಂಬುವು ರೂಢಿಯಿಂದ ಬಂದವು. ರಾಮ, ಕಾವೇರಿ ಎಂಬುವು ಗುರುತಿಗಾಗಿ ಇಟ್ಟವು. ವೈದ್ಯ, ವ್ಯಾಪಾರಿ, ಕುಂಟ ಎಂಬುವು ಅರ್ಥಕ್ಕೆ ಅನುಗುಣವಾಗಿ ಹುಟ್ಟಿದವು. ಅಂಕಿತನಾಮಕ್ಕೆ ಅರ್ಥದ ಹೊಣೆಯಿಲ್ಲ. ಶಾಂತಮ್ಮನೆಂಬುವರು ದಿನವೂ ಬೀದಿಗೆಲ್ಲ ಕೇಳುವಂತೆ ಜಗಳವಾಡಿದರೂ ವ್ಯಾಕರಣಕ್ಕೆ ಭಂಗವಿಲ್ಲ. ಅನ್ವರ್ಥನಾಮಕ್ಕಾದರೋ ಆ ಹೊಣೆಯುಂಟು. ವೈದ್ಯನೆನಿಸಿಕೊಂಡವನು ವೈದ್ಯ ಮಾಡಲೇಬೇಕು. ಪ್ರೊಹಿಬಿಟಿನ್ ಎಂಬುದನ್ನು ಅನ್ವರ್ಥನಾಮವೆಂದು ನಾನು ನಂಬಿದ್ದೆ. ನಾನೊಬ್ಬನೇ ಅಲ್ಲ, ಹೆಸರಿಟ್ಟ ವಿಜ್ಞಾನಿಗಳೂ ಹಾಗೆಯೇ ನಂಬಿದ್ದರು. ನಂಬಲು ಅವರಿಗೆ ಸಾಕಷ್ಟು ಆಧಾರವೂ ಇತ್ತು.

ನಮ್ಮ ಅಂಗಾಂಗಗಳಲ್ಲಿ ಯಕೃತ್ತಿಗೆ, ಎಂದರೆ ಪಿತ್ತಜನಕಾಂಗಕ್ಕೆ, ಒಂದು ವಿಶೇಷವುಂಟು. ಇಲಿಯ ಯಕೃತ್ತಿನ ಮೂರು ಪಾಲಿನಲ್ಲಿ ಎರಡು ಪಾಲನ್ನು ಕತ್ತರಿಸಿ ತೆಗೆದರೂ ಉಳಿದ ಪಾಲಿನ ಕೋಶಗಳು ಎಚ್ಚತ್ತು, ಒಂದು ಎರಡಾಗಿ, ಎರಡು ನಾಲ್ಕಾಗಿ, ವಾರ ಹತ್ತು ದಿನಗಳೊಳಗೆ ಹಿಂದಿನ ಗಾತ್ರಕ್ಕೆ ಬಂದು ಮುಟ್ಟುತ್ತವೆ, ಮುಟ್ಟಿದೊಡನೆ ನಿಲ್ಲುತ್ತವೆ. ಹಾಗಾದರೆ ಸುಮ್ಮನಿರುವ ಕೋಶವನ್ನು ಸುಮ್ಮನಿರಿಸುವ ವಸ್ತು ಯಾವುದು? ಅಮೆರಿಕದ ಸಂಶೋಧಕರು ಸುಮ್ಮನಿರುವ ಯಕೃತ್ತನ್ನೂ ಬೆಳೆಯುತ್ತಿರುವ ಯಕೃತ್ತನ್ನೂ ಹೋಲಿಸಿ ನೋಡಿ, ಮೊದಲಿನದರಲ್ಲಿ ಹೆಚ್ಚಾಗಿದ್ದ ಒಂದು ವಂಶವಾಹಿಯ ಸಂದೇಶವನ್ನು ಹೆಕ್ಕಿ ತೆಗೆದರು. ಅದು ಪ್ರಕಟವಾದದ್ದು 1989ರಲ್ಲಿ. ಆ ಸಂದೇಶವನ್ನು ಅತಿಸೂಕ್ಷ್ಮವಾದ ಸೂಜಿಯಿಂದ ಜೀವಕೋಶಗಳಿಗೆ ಚುಚ್ಚಿದಾಗ ಕೋಶಗಳು ತಮ್ಮ ಡಿಎನ್‌ಎಯನ್ನು ನಕಲು ಮಾಡುವುದನ್ನು ನಿಲ್ಲಿಸಿಬಿಟ್ಟವು. ನಕಲಿಲ್ಲದೆ ವಿಭಜನೆಯಿಲ್ಲ. ಹೀಗೆ ವಿಭಜನೆಯನ್ನು ತಡೆಯುವುದೆಂಬ ಕಾರಣದಿಂದ ಆ ಸಂದೇಶ ಸೂಚಿಸುವ ಪ್ರೋಟೀನಿಗೆ ಪ್ರೊಹಿಬಿಟಿನ್ ಎಂದು ಹೆಸರಾಯಿತು. 1991ರ ಹೊತ್ತಿಗೆ ಆ ಹೆಸರು ನೆಲೆಗೊಂಡಿತು.

ಕೋಶಗಳು ಅಂಕೆಮೀರಿ ಬೆಳೆಯುವುದೇ ಕ್ಯಾನ್ಸರ್. ಬೆಳೆಯುವುದನ್ನು ತಡೆಯುವ ವಸ್ತು ಸಿಕ್ಕಿತೆಂದಮೇಲೆ ಆಸೆ ಹುಟ್ಟದೆ ಇರುತ್ತದೆಯೆ? ಈ ವಂಶವಾಹಿ ಮನುಷ್ಯರಲ್ಲಿ ಹದಿನೇಳನೆಯ ವರ್ಣತಂತುವಿನ ಮೇಲಿದೆಯೆಂದು ತಿಳಿದುಬಂತು. ವಂಶಾನುಗತವಾದ ಸ್ತನದ ಕ್ಯಾನ್ಸರಿಗೆ ಕಾರಣವಾದ ವಂಶವಾಹಿಯನ್ನು ಜಗತ್ತಿನ ಪ್ರಯೋಗಶಾಲೆಗಳು ಹುಡುಕುತ್ತಿದ್ದದ್ದೂ ಅದೇ ನೆರೆಯಲ್ಲಿ. 1992ರಲ್ಲಿ ಕೆಲವು ಸ್ತನಗಂತಿಗಳಲ್ಲಿ ಪ್ರೊಹಿಬಿಟಿನ್ ವಂಶವಾಹಿ ಬದಲಾಗಿರುವುದೂ ಕಂಡಿತು. ಆಸೆ ಇಮ್ಮಡಿಸಿತು. ಆದರೆ 1994ರಲ್ಲಿ ಹುಡುಕುತ್ತಿದ್ದ ವಂಶವಾಹಿ ಸಿಕ್ಕಾಗ ಅದು ಬೇರೆಯಾಗಿತ್ತು. ಬಿಆರ್‌ಸಿಎ-1 ಎಂದು ಈಗ ಹೆಸರಾಗಿರುವುದೇ ಅದು.

ಇನ್ನೊಂದು ಪೆಟ್ಟು ಬಿದ್ದದ್ದು ಮೂಲ ಪ್ರಯೋಗಕ್ಕೇ. ಓಲೆಗರಿಯ ಕಟ್ಟುಗಳನ್ನು ನೋಡಿದವರಿಗೆ ಗೊತ್ತು, ಕಾವ್ಯ ಮುಗಿದ ಮೇಲೆ ಲಿಪಿಕಾರ ತನ್ನ ಮಾತಾಗಿ ಕೆಲವು ಸಾಲು ಬರೆಯುತ್ತಾನೆ. ಅದು ಕಾವ್ಯದ ಭಾಗವಲ್ಲ. ಆದರೂ ಅದೇ ಗರಿಯ ಮೇಲೆ ಇರುತ್ತದೆ. ವಂಶವಾಹಿಯ ಸಂದೇಶಕ್ಕೂ ಇಂಥದೊಂದು ಬಾಲವುಂಟು. ಸಂದೇಶದ ನಡುಭಾಗ ಪ್ರೋಟೀನಾಗಿ ಅನುವಾದಗೊಳ್ಳುತ್ತದೆ. ಬಾಲ ಅನುವಾದಗೊಳ್ಳದೆ ಉಳಿಯುತ್ತದೆ. 1996ರಿಂದ ಈಚೆಗೆ ನಡೆದ ಪ್ರಯೋಗಗಳಿಂದ ತಿಳಿದದ್ದೇನೆಂದರೆ, ಅಂದು ಕೋಶವಿಭಜನೆಯನ್ನು ನಿಲ್ಲಿಸಿದ ಶಕ್ತಿ ಬಹುಮಟ್ಟಿಗೆ ಈ ಬಾಲದ್ದು. ಲಿಪಿಕಾರನ ಸಾಲುಗಳು ಮಾಡಿದ ಕೆಲಸದಿಂದ ಕಾವ್ಯಕ್ಕೆ ಹೆಸರಾಗಿತ್ತು!

ಹಾಗಾದರೆ ಕಾವ್ಯ ಯಾವುದು? ಈ ಪ್ರೋಟೀನು ಮಾಡುವ ನಿಜವಾದ ಕೆಲಸವೇನು?

ಉತ್ತರದ ಜಾಡು ಸಿಕ್ಕಿದ್ದು ಅದರ ವಾಸಸ್ಥಾನವನ್ನು ಹುಡುಕಿದಾಗ. ಪ್ರೊಹಿಬಿಟಿನ್ ಬಹುವಾಗಿ ಇರುವುದು ಮೈಟೊಕಾಂಡ್ರಿಯದಲ್ಲಿ ಎಂದು 1995ರಲ್ಲಿ ತಿಳಿದುಬಂತು. ನಾವು ಉಂಡ ಅನ್ನವನ್ನೂ ಉಸಿರಾಡಿದ ಗಾಳಿಯನ್ನೂ ಕೂಡಿಸಿ ಕೋಶಕ್ಕೆ ಬೇಕಾದ ಶಕ್ತಿಯನ್ನು ಒದಗಿಸುವ ಒಲೆಗಳೇ ಮೈಟೊಕಾಂಡ್ರಿಯಗಳು. ಕಾರ್ಲ್ ಬೆಂಡಾ ಎಂಬ ಜರ್ಮನ್ ವಿಜ್ಞಾನಿ 1898ರಲ್ಲಿ ಈ ಹೆಸರನ್ನಿಟ್ಟ. ಗ್ರೀಕಿನಲ್ಲಿ 'ಮಿಟೋಸ್' ಎಂದರೆ ನೂಲು, 'ಕೊಂಡ್ರೋಸ್' ಎಂದರೆ ಕಾಳು. ಕನ್ನಡದಲ್ಲಿ ನೂಲುಕಾಳು ಎನ್ನಬಹುದು. ಅವುಗಳ ಕೆಲಸವೇನೆಂಬುದು ಆತನಿಗೆ ತಿಳಿದಿರಲಿಲ್ಲ. ಕಣ್ಣಿಗೆ ನೂಲಿನಂತೆಯೂ ಕಾಳಿನಂತೆಯೂ ಕಂಡದ್ದನ್ನು ಹಾಗೆಂದು ಕರೆದ. ಆದ್ದರಿಂದಲೇ ಆ ಹೆಸರು ಇಂದಿಗೂ ಸುಳ್ಳಾಗಿಲ್ಲ.

ಮೈಟೊಕಾಂಡ್ರಿಯಕ್ಕೆ ಎರಡು ಪೊರೆಗಳು. ಹೊರಪೊರೆ ಸಪಾಟು. ಒಳಪೊರೆಯೋ ನಿರಿಗೆ ಹಿಡಿದ ಸೀರೆಯಂತೆ ಮಡಿಕೆ ಮಡಿಕೆಯಾಗಿ ಒಳಕ್ಕೆ ಚಾಚಿರುತ್ತದೆ. ಮಡಿಕೆ ಹೆಚ್ಚಿದಷ್ಟೂ ಪೊರೆಯ ವಿಸ್ತಾರ ಹೆಚ್ಚು. ಶಕ್ತಿಯನ್ನು ತಯಾರಿಸುವ ಯಂತ್ರಗಳು ಈ ಮಡಿಕೆಗಳ ಮೇಲೆಯೇ ಕುಳಿತಿರುತ್ತವೆ. ಪ್ರೊಹಿಬಿಟಿನ್‌ಗಳ ಮನೆಯೂ ಈ ಒಳಪೊರೆಯೇ. 'ಪ್ರೊಹಿಬಿಟಿನ್‌ಗಳು' ಎಂದು ಬಹುವಚನ ಬಳಸಿದೆ. ಏಕೆಂದರೆ ಅವು ಎರಡು. ಮೊದಲನೆಯದು 272 ಅಮೈನೋ ಆಮ್ಲಗಳ ಸರಪಣಿ, ಎರಡನೆಯದು 299ರದು. ಇವೆರಡೂ ಜೊತೆಗೂಡಿ, ಅಂಥ ಹಲವು ಜೊತೆಗಳು ಒಂದರ ಪಕ್ಕದಲ್ಲೊಂದು ಕೈಹಿಡಿದು ನಿಂತು ಉಂಗುರವೊಂದನ್ನು ರಚಿಸುತ್ತವೆ. ಆ ಉಂಗುರದ ಅಡ್ಡಳತೆ 20ರಿಂದ 25 ನ್ಯಾನೊಮೀಟರ್. ನಮ್ಮ ತಲೆಗೂದಲ ಒಂದು ಎಳೆಯ ದಪ್ಪಕ್ಕೆ ಸರಿದೂಗಬೇಕಾದರೆ ಇಂಥ ಮೂರು ಸಾವಿರ ಉಂಗುರಗಳನ್ನಾದರೂ ಸಾಲಾಗಿ ಜೋಡಿಸಬೇಕು. ಪೊರೆಯನ್ನು ಅತಿಶೀತಲದಲ್ಲಿ ಹೆಪ್ಪುಗಟ್ಟಿಸಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದ ಈಚಿನವರು ಅದರ ಒಟ್ಟು ಆಕಾರ ಘಂಟೆಯಂತಿದೆ ಎಂದಿದ್ದಾರೆ.

ಈ ಜೋಡಿಯಲ್ಲಿ ನನ್ನ ಮನಸ್ಸನ್ನು ಬಹುವಾಗಿ ಹಿಡಿದ ಸಂಗತಿಯೊಂದಿದೆ. ಎರಡರಲ್ಲಿ ಒಂದನ್ನು ತಯಾರಿಸದಂತೆ ಕೋಶವನ್ನು ತಡೆದರೆ ಇನ್ನೊಂದು ತಾನಾಗಿ ಕಣ್ಮರೆಯಾಗುತ್ತದೆ. ಅದರ ವಂಶವಾಹಿಗೆ ಯಾವ ಊನವೂ ಇಲ್ಲ. ಪ್ರೋಟೀನು ತಯಾರಾಗುತ್ತಲೂ ಇರುತ್ತದೆ. ಆದರೆ ಸಂಗಾತಿಯಿಲ್ಲದ ಅದನ್ನು ಕೋಶ ಚೂರು ಮಾಡಿಬಿಡುತ್ತದೆ. ಒಂಟಿ ಪ್ರೊಹಿಬಿಟಿನ್‌ಗೆ ಬಾಳಿಲ್ಲ.

ಉಂಗುರವಾಗಿ ನಿಂತು ಇವು ಮಾಡುವುದೇನು? ಹೊಸದಾಗಿ ಹುಟ್ಟಿದ ಪ್ರೋಟೀನುಗಳನ್ನು ಸರಿಯಾಗಿ ಜೋಡಣೆಯಾಗುವವರೆಗೆ ಹಿಡಿದು ಕಾಪಾಡುತ್ತವೆ. ಕೆಟ್ಟ ಪ್ರೋಟೀನನ್ನು ಕತ್ತರಿಸುವ ಕಿಣ್ವಗಳು ಅಳತೆಮೀರಿ ಕತ್ತರಿಸದಂತೆ ನೋಡಿಕೊಳ್ಳುತ್ತವೆ. ಪೊರೆಯ ಕೊಬ್ಬಿನ ಅಣುಗಳನ್ನು ಅಲ್ಲಲ್ಲಿ ಒತ್ತಟ್ಟಿಗೆ ನಿಲ್ಲಿಸುತ್ತವೆ. ಎಲ್ಲಕ್ಕಿಂತ ಮಿಗಿಲಾಗಿ ಮಡಿಕೆಗಳು ಬಿಚ್ಚಿಹೋಗದಂತೆ ಕಾಯುತ್ತವೆ. ಒಟ್ಟಿನಲ್ಲಿ ತಾಳುವುದು, ಹಿಡಿದು ನಿಲ್ಲಿಸುವುದು ಇವುಗಳ ಧರ್ಮ.

ಜರ್ಮನಿಯ ಕಲೋನ್ ನಗರದ ಸಂಶೋಧಕರು 2008ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇದನ್ನು ನಿಸ್ಸಂದೇಹವಾಗಿ ತೋರಿಸಿತು. ಇಲಿಯ ಭ್ರೂಣದ ಕೋಶಗಳಿಂದ ಅವರು ಎರಡನೆಯ ಪ್ರೊಹಿಬಿಟಿನನ್ನು ತೆಗೆದುಹಾಕಿದರು. ಹೆಸರು ಅನ್ವರ್ಥವಾಗಿದ್ದರೆ ಏನಾಗಬೇಕಿತ್ತು? ತಡೆಯುವವನು ಹೋದಮೇಲೆ ಕೋಶಗಳು ಕಟ್ಟೆಯೊಡೆದ ಕೆರೆಯ ನೀರಿನಂತೆ ನುಗ್ಗಿ ಬೆಳೆಯಬೇಕಿತ್ತು. ಆದದ್ದು ತದ್ವಿರುದ್ಧ. ಕೋಶಗಳ ಬೆಳವಣಿಗೆ ಕುಂದಿತು. ಮೈಟೊಕಾಂಡ್ರಿಯದ ಮಡಿಕೆಗಳು ಅಸ್ತವ್ಯಸ್ತವಾದವು. ಸಣ್ಣ ಆಘಾತಕ್ಕೂ ಕೋಶಗಳು ಸಾಯತೊಡಗಿದವು. ಮಡಿಕೆಗಳನ್ನು ಕಾಪಾಡುವ ಓಪಿಎ-1 ಎಂಬ ಇನ್ನೊಂದು ಪ್ರೋಟೀನಿದೆ. ಪ್ರೊಹಿಬಿಟಿನ್ ಇಲ್ಲದಾಗ ಅದರ ಉದ್ದವಾದ ರೂಪ ಕತ್ತರಿಸಿಹೋಗುತ್ತದೆ. ಕತ್ತರಿಸಲಾಗದಂಥ ಉದ್ದನೆಯ ಓಪಿಎ-1ನ್ನು ಸಂಶೋಧಕರು ಕೋಶಕ್ಕೆ ಒದಗಿಸಿದಾಗ ಮಡಿಕೆಗಳು ಮತ್ತೆ ಮೂಡಿದವು, ಕೋಶಗಳು ಮತ್ತೆ ಬೆಳೆದವು. ಬೆಳವಣಿಗೆಯ ನಿಷೇಧಕನೆನಿಸಿಕೊಂಡದ್ದು ಬೆಳವಣಿಗೆಗೆ ಆಧಾರವಾಗಿತ್ತು!

ಈ ಆಧಾರ ತಪ್ಪಿದರೆ ಏನಾಗುವುದೆಂಬುದು ಜೀವಿಯಿಂದ ಜೀವಿಗೆ ಬೇರೆ. ಯೀಸ್ಟ್ ಬದುಕುತ್ತದೆ, ಆದರೆ ಬೇಗ ಮುದಿಯಾಗುತ್ತದೆ. ಇಲಿಯ ಭ್ರೂಣ ಹುಟ್ಟುವುದೇ ಇಲ್ಲ. ಇಲಿಯ ಮುಮ್ಮೆದುಳಿನ ನರಕೋಶಗಳಲ್ಲಿ ಮಾತ್ರ ಇದನ್ನು ಇಲ್ಲವಾಗಿಸಿ ನೋಡಿದಾಗ ಆ ನರಕೋಶಗಳು ಕ್ಷಯಿಸಿದವು. ಆಲ್‌ಝೈಮರ್ ಮರೆವಿನ ರೋಗದಲ್ಲಿ ಕಾಣುವ ಟೌ ಎಂಬ ಪ್ರೋಟೀನಿನ ವಿಕಾರ ಅಲ್ಲಿಯೂ ಕಂಡಿತು. ಇದು 2012ರ ಮಾತು. ಅದಕ್ಕೆ ಮೂರು ವರ್ಷ ಮೊದಲು ಗ್ರೀಸ್ ದೇಶದ ಕ್ರೀಟ್ ದ್ವೀಪದ ಸಂಶೋಧಕರು ಒಂದು ಮಿಲಿಮೀಟರ್ ಉದ್ದದ ಹುಳುವಿನಲ್ಲಿ ವಿಚಿತ್ರವಾದುದನ್ನು ಕಂಡಿದ್ದರು. ಆರೋಗ್ಯವಾಗಿರುವ ಹುಳುವಿನಲ್ಲಿ ಪ್ರೊಹಿಬಿಟಿನ್ ಕಡಿಮೆ ಮಾಡಿದರೆ ಆಯುಸ್ಸು ಕುಗ್ಗುತ್ತದೆ; ಇನ್ಸುಲಿನ್ ಸಂದೇಶ ದುರ್ಬಲವಾಗಿರುವ ಹುಳುವಿನಲ್ಲಿ ಕಡಿಮೆ ಮಾಡಿದರೆ ಆಯುಸ್ಸು ಹಿಗ್ಗುತ್ತದೆ. ಒಂದೇ ವಸ್ತು, ಸಂದರ್ಭ ಬೇರೆಯಾದಾಗ ಫಲ ಬೇರೆ. ವಾಕ್ಯದ ಹೊರಗೆ ಪದಕ್ಕೆ ಅರ್ಥ ನಿಶ್ಚಯಿಸಬೇಡಿ ಎಂದು ವಿದ್ಯಾರ್ಥಿಗಳಿಗೆ ಎಷ್ಟೋ ವರ್ಷ ಹೇಳಿದವನು ನಾನು. ಈ ಹುಳು ನನಗೆ ಅದನ್ನೇ ತಿರುಗಿ ಹೇಳಿತು.

ಮನೆಯನ್ನು ತಾಳುವ ಕಂಬವೇ ಕಳ್ಳನಿಗೆ ಮೆಟ್ಟಿಲಾಗುವುದೂ ಉಂಟು. ಕೆಲವು ಬಗೆಯ ಕೋಶಗಳಲ್ಲಿ ಪ್ರೊಹಿಬಿಟಿನ್ ಹೊರಮೈಯ ಪೊರೆಯಲ್ಲಿಯೂ ಸ್ವಲ್ಪ ಇರುತ್ತದೆ. ವಿಷಮಶೀತಜ್ವರ, ಎಂದರೆ ಟೈಫಾಯಿಡ್, ತರುವ ರೋಗಾಣು ವಿಐ ಎಂಬ ಸಕ್ಕರೆಯ ಹೊದಿಕೆಯನ್ನು ಹೊದ್ದಿರುತ್ತದೆ. ಆ ಹೊದಿಕೆ ಕರುಳಿನ ಕೋಶಗಳ ಪ್ರೊಹಿಬಿಟಿನ್‌ಗೆ ಅಂಟಿಕೊಂಡು, ಕೋಶ ಮೊದಲಲ್ಲಿಯೇ ಕೂಗಬೇಕಾದ ಅಪಾಯದ ಕೂಗನ್ನು ಅಡಗಿಸುತ್ತದೆ ಎಂದು ದೆಹಲಿಯ ರಾಷ್ಟ್ರೀಯ ಪ್ರತಿರಕ್ಷಾವಿಜ್ಞಾನ ಸಂಸ್ಥೆಯವರು 2004ರಲ್ಲಿ ತೋರಿಸಿಕೊಟ್ಟರು. 2006ರಲ್ಲಿ ನಮ್ಮ ನಾಡಿನ ಊರೂರುಗಳನ್ನು ಮಲಗಿಸಿದ ಚಿಕುನ್‌ಗುನ್ಯವನ್ನು ನೀವು ಮರೆತಿರಲಾರಿರಿ. ಅದರ ಹೆಸರು ಆಫ್ರಿಕದ ಮಕೊಂಡೆ ಭಾಷೆಯದು. ಮೈಬಾಗಿ ಮುದುಡುವುದು ಎಂದು ಅರ್ಥ. ಅನುಭವಿಸಿದವರಿಗೆ ಗೊತ್ತು, ಅಪ್ಪಟ ಅನ್ವರ್ಥನಾಮ. ಆ ವೈರಸ್ಸು ಮೆದುಳಿನ ಒಂದು ಬಗೆಯ ಕೋಶಕ್ಕೆ ಅಂಟಿಕೊಳ್ಳಲು ಪ್ರೊಹಿಬಿಟಿನನ್ನು ಹಿಡಿಯಾಗಿ ಬಳಸುತ್ತದೆಯೆಂದು ಥೈಲೆಂಡಿನ ಸಂಶೋಧಕರು 2012ರಲ್ಲಿ ಪ್ರಯೋಗಶಾಲೆಯಲ್ಲಿ ಕಂಡರು.

ಇನ್ನು ಹಿರಿಯರ ಪ್ರಶ್ನೆಗೆ ಬರುತ್ತೇನೆ. ಕ್ಯಾನ್ಸರಿಗೂ ಇದಕ್ಕೂ ಇರುವ ಸಂಬಂಧವೇನು? ಸಂಬಂಧವುಂಟು, ಆದರೆ ನಾನು ಬರೆದಷ್ಟು ಸರಳವಾಗಿಲ್ಲ. ಕೋಶಕೇಂದ್ರದಲ್ಲಿ ಸಿಕ್ಕುವ ಪ್ರೊಹಿಬಿಟಿನ್ ವಿಭಜನೆಯನ್ನು ಹತೋಟಿಯಲ್ಲಿಡುವ ಪ್ರೋಟೀನುಗಳೊಡನೆ ಸೇರಿ ಸ್ವಲ್ಪಮಟ್ಟಿಗೆ ತನ್ನ ಹೆಸರಿಗೆ ತಕ್ಕಂತೆ ನಡೆದುಕೊಳ್ಳುವುದೂ ಉಂಟು. ಅದೇ ಪ್ರೊಹಿಬಿಟಿನ್ ಹೊರಪೊರೆಯ ಬಳಿ 'ಬೆಳೆ' ಎಂಬ ಆಜ್ಞೆಯನ್ನು ರಾಸ್‌ನಿಂದ ರಾಫ್ ಎಂಬ ಪ್ರೋಟೀನಿಗೆ ದಾಟಿಸಲು ನೆರವಾಗುತ್ತದೆಂದು 2005ರಲ್ಲಿ ತಿಳಿಯಿತು. ಕ್ಯಾನ್ಸರ್ ಕೋಶಗಳಿಗೆ ಬೇಕಾದದ್ದು ಇದೇ ಆಜ್ಞೆ. ಹಲವು ಬಗೆಯ ಗಂತಿಗಳಲ್ಲಿ ಪ್ರೊಹಿಬಿಟಿನ್ ಸುತ್ತಲಿನ ಕೋಶಗಳಲ್ಲಿರುವುದಕ್ಕಿಂತ ಹೆಚ್ಚಾಗಿಯೇ ಇರುತ್ತದೆ. ಆದ್ದರಿಂದ ಈಗ ಕೆಲವರು ಪ್ರೊಹಿಬಿಟಿನನ್ನೇ ತಡೆಯುವ ವಸ್ತುಗಳನ್ನು ಹುಡುಕುತ್ತಿದ್ದಾರೆ. ಬೇವಿನ ಕುಟುಂಬಕ್ಕೆ ಸೇರಿದ ಅಗ್ಲೇಯ ಎಂಬ ಗಿಡಗಳಲ್ಲಿ ದೊರೆಯುವ ರೊಕಾಗ್ಲಮೈಡ್ ಅಂಥದೊಂದು. ನಿಷೇಧಕನಿಗೆ ನಿಷೇಧ! ಅದೂ ಪ್ರಯೋಗಶಾಲೆಯ ಮಾತು. ಔಷಧಿಯ ಅಂಗಡಿಯ ಮಾತಲ್ಲ.

ಕೊನೆಯದಾಗಿ ಇನ್ನೊಂದು ಸಂಗತಿ. ಅಮೆರಿಕದ ಬೆತ್ ಲೆವಿನ್ ಮತ್ತು ಅವರ ಸಂಗಡಿಗರು 2017ರಲ್ಲಿ ಪ್ರಕಟಿಸಿದ್ದು ಇದು. ಮೈಟೊಕಾಂಡ್ರಿಯ ಹಳತಾಗಿ ಕೆಟ್ಟಾಗ ಅದನ್ನು ಇಡಿಯಾಗಿ ನುಂಗಿ ಕರಗಿಸುವ ಏರ್ಪಾಡು ಕೋಶದಲ್ಲಿದೆ. ಹೊರಪೊರೆ ಹರಿದಾಗ ಒಳಪೊರೆಯ ಮೇಲಿನ ಎರಡನೆಯ ಪ್ರೊಹಿಬಿಟಿನ್ ಹೊರಗೆ ಕಾಣಿಸಿಕೊಂಡು, ಕರಗಿಸುವ ಆ ಏರ್ಪಾಡಿಗೆ 'ಇಲ್ಲಿ ಬಾ' ಎಂದು ಗುರುತು ತೋರುತ್ತದೆ. ನಮ್ಮೆಲ್ಲರ ಮೈಟೊಕಾಂಡ್ರಿಯಗಳು ತಾಯಿಯಿಂದ ಬಂದವು. ಅದೇ ಪುಟ್ಟ ಹುಳುವಿನ ಭ್ರೂಣದಲ್ಲಿ ತಂದೆಯ ಕಡೆಯಿಂದ ಬಂದ ಮೈಟೊಕಾಂಡ್ರಿಯಗಳನ್ನು ನಿವಾರಿಸುವುದಕ್ಕೂ ಈ ಗುರುತು ಬೇಕು. ಬಾಳಿರುವವರೆಗೆ ಮನೆಯನ್ನು ತಾಳಿದ್ದು, ಮನೆ ಬಿದ್ದಾಗ ತಾನೇ ಮುಂದೆ ನಿಂತು ವಿಸರ್ಜನೆಗೆ ಒಪ್ಪಿಸುವುದು, ಎರಡೂ ಅದರದೇ ಕೆಲಸ.

ಇಷ್ಟನ್ನೆಲ್ಲ ಅಂದು ನಾನು ಅರಿತಿರಲಿಲ್ಲ. ಅರಿತಷ್ಟನ್ನು ಹೇಳಲು ಕೆಲವು ದಿನಗಳ ಮೇಲೆ ಹಿರಿಯರ ಮನೆಗೆ ಹೋದೆ. "ರಾಯರೆ, ನೀವು ಕೇಳಿದ ವಸ್ತು ಎಲ್ಲಿಯೂ ಮಾರಾಟಕ್ಕಿಲ್ಲ. ಕೆಂಪು ರಕ್ತಕಣಗಳನ್ನು ಬಿಟ್ಟರೆ ನಿಮ್ಮ, ನನ್ನ, ಅಮ್ಮನವರ ಮೈಯ ಹೆಚ್ಚುಕಡಿಮೆ ಎಲ್ಲ ಕೋಶಗಳಲ್ಲಿಯೂ ಅದಿದೆ, ಗಂತಿಯಲ್ಲಿಯೂ ಇದೆ. ಹೊತ್ತಗೆಯ ಆ ಸಾಲು ಮೂಲದ್ದಲ್ಲ, ನನ್ನದು, ಅದು ತಪ್ಪು" ಎಂದೆ. ಅವರು ಬಹಳ ಹೊತ್ತು ಮಾತನಾಡಲಿಲ್ಲ. ಒಳಗಿನಿಂದ ಆಕೆಯೇ, "ಮೇಷ್ಟ್ರಿಗೆ ಕಾಫಿ ಕೊಡಿ. ನಾನು ಔಷಧಿ ನಿಲ್ಲಿಸುವುದಿಲ್ಲ ಎಂದು ಆಗಲೇ ಹೇಳಿದ್ದೆ" ಎಂದರು. ಚಿಕಿತ್ಸೆ ಪೂರ್ತಿಯಾಯಿತು. ಆಕೆಯ ಕೂದಲು ಮತ್ತೆ ಬಂದಿದೆ.

ಮನೆಗೆ ಬಂದು ಲ್ಯಾಟಿನ್ ನಿಘಂಟನ್ನು ತೆಗೆದು ನೋಡಿದೆ. 'ಪ್ರೊಹಿಬೇರೆ' ಎಂಬ ಧಾತು 'ಪ್ರೊ' ಮತ್ತು 'ಹಬೇರೆ' ಎಂಬೆರಡು ಸೇರಿ ಆದದ್ದು. 'ಹಬೇರೆ' ಎಂದರೆ ಹೊಂದು, ಹಿಡಿ ಎಂದು ಅರ್ಥ. ಹಿಡಿದು ನಿಲ್ಲಿಸುವುದು ಎಂಬ ಭಾವವೇ ಕಾಲಾಂತರದಲ್ಲಿ ತಡೆಯುವುದು, ನಿಷೇಧಿಸುವುದು ಎಂದಾಗಿದೆ. ಹೆಸರಿಟ್ಟವರಾಗಲಿ ಕನ್ನಡಿಸಿದ ನಾನಾಗಲಿ ನೋಡದಿದ್ದ ಬೇರು ಅದು. ಹಾಗೆಂದು ಬೇರಿನ ಅರ್ಥವನ್ನು ಮುಂದೆ ಮಾಡಿಕೊಂಡು ಹೆಸರು ಕೊನೆಗೂ ಸರಿಯಾಯಿತೆಂದು ಸಮಾಧಾನಪಟ್ಟುಕೊಳ್ಳಲಾರೆ. ಅಂಥ ಜಾಣತನದಿಂದಲೇ ಒಮ್ಮೆ ಎಡವಿದ್ದೇನೆ.

ನನ್ನ ಪ್ರತಿಯಲ್ಲಿ 'ವೃದ್ಧಿನಿಷೇಧಕ' ಎಂಬುದನ್ನು ಹೊಡೆದುಹಾಕಿ 'ಪ್ರೊಹಿಬಿಟಿನ್' ಎಂದೇ ಬರೆದಿದ್ದೇನೆ. ಅದನ್ನು ಅಂಕಿತನಾಮವೆಂದು ತಿಳಿಯೋಣ. ವಿಜ್ಞಾನದ ಶಬ್ದ ಕನ್ನಡಕ್ಕೆ ಬರಬೇಕು ಎಂಬುದರಲ್ಲಿ ನನಗೆ ಎಳ್ಳಷ್ಟೂ ಸಂಶಯವಿಲ್ಲ. ಆದರೆ ಆ ಶಬ್ದವನ್ನು ಮುಂದೊಂದು ದಿನ ರೋಗಿಯ ಮನೆಯವರು ಬೆರಳಿಟ್ಟು ಓದುತ್ತಾರೆ ಎಂಬುದನ್ನು ಬರೆಯುವವನು ಮರೆಯಬಾರದು.